ಫೋರ್ಟ್ ಕೊಚ್ಚಿಯ ಡಚ್ ಸ್ಮಶಾನ: ಮೊದಲು ಚರ್ಚ್‌ಗೆ ಹೋಗಿ, ಆಮೇಲೆ ಗೇಟಿಗೆ

ಫೋರ್ಟ್ ಕೊಚ್ಚಿಗೆ ಹೋದ ಬಹಳಷ್ಟು ಜನ ಚೀನೀ ಬಲೆಗಳ ಹತ್ತಿರ ಫೋಟೊ ತೆಗೆಸಿಕೊಂಡು, ಕಡಲ ದಂಡೆಗುಂಟ ಅಡ್ಡಾಡುತ್ತಾ ಡಚ್ ಸ್ಮಶಾನದ ಎದುರೇ ಹಾದುಹೋಗುತ್ತಾರೆ. ಗೇಟಿಗೆ ಸಾಮಾನ್ಯವಾಗಿ ಬೀಗ ಬಿದ್ದಿರುತ್ತದೆ. ಸಂದಿಯಿಂದ ಇಣುಕಿ, ಹುಲ್ಲಿನ ನಡುವೆ ಕಪ್ಪುಗಟ್ಟಿದ ಸಮಾಧಿಗಳನ್ನು ನೋಡಿ, ‘ಇಷ್ಟೇನಾ’ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಈ ಜಾಗವನ್ನು ಹಾಗೆ ನೋಡಬೇಡಿ. ಅರ್ಧ ದಿನ ಇದಕ್ಕೆಂದೇ ಎತ್ತಿಡಿ, ಮೊದಲು ಸೇಂಟ್ ಫ್ರಾನ್ಸಿಸ್ ಚರ್ಚ್‌ಗೆ ಹೋಗಿ.

ಯಾಕೆಂದರೆ ಸ್ಮಶಾನವನ್ನು ನೋಡಿಕೊಳ್ಳುವುದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. ಒಳಗೆ ಹೋಗಲು ಕೇಳಬೇಕಾದ್ದು ಅದೇ ಸಿಎಸ್‌ಐಗೆ ಸೇರಿದ ಈ ಚರ್ಚ್‌ನಲ್ಲಿ. ನಾವು ಬೆಳಗ್ಗೆ ಹೋಗಿ, ಅಲ್ಲಿದ್ದ ಹಿರಿಯರೊಬ್ಬರನ್ನು ‘ಚೇಟ್ಟಾ’ ಎಂದು ಕರೆದು, ಹಳೆಯ ಸಮಾಧಿಗಳನ್ನು ನಿಧಾನವಾಗಿ ನೋಡುವ ಆಸೆ ಇದೆ ಎಂದೆವು. ಸ್ವಲ್ಪ ಹೊತ್ತು ಕಾಯಿಸಿ ಬೀಗದ ಕೈ ತಂದರು. ಎಲ್ಲರಿಗೂ, ಎಲ್ಲ ದಿನವೂ ತೆರೆಯುತ್ತಾರೆಂಬ ಖಾತ್ರಿ ಇಲ್ಲ. ಭಾನುವಾರ ಬೆಳಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಂತೂ ಕೇಳಲು ಹೋಗಲೇಬೇಡಿ.

ಚರ್ಚ್‌ಗೆ ಮೊದಲು ಹೋಗಿ ಎನ್ನುವುದಕ್ಕೆ ಬೀಗಕ್ಕಿಂತ ದೊಡ್ಡ ಕಾರಣ ಅಲ್ಲಿನ ಗೋಡೆಗಳು. 1503ರಲ್ಲಿ ಪೋರ್ಚುಗೀಸರು ಕಟ್ಟಿದ ಈ ಚರ್ಚ್ 1663ರಲ್ಲಿ ಊರಿನ ಜೊತೆಗೇ ಡಚ್ಚರ ಕೈಸೇರಿತು. ಆ ಕಾಲದಲ್ಲಿ ದೊಡ್ಡ ಮನುಷ್ಯರನ್ನು ಚರ್ಚ್‌ನ ಒಳಗೇ, ನೆಲದಡಿ ಹೂಳುತ್ತಿದ್ದರು. ಆ ನೆಲಗಲ್ಲುಗಳನ್ನು 19ನೇ ಶತಮಾನದ ಕೊನೆಗೆ ಎಬ್ಬಿಸಿ ಗೋಡೆಗೆ ನಿಲ್ಲಿಸಿದ್ದಾರೆ. ಒಂದು ಬದಿಗೆ ಪೋರ್ಚುಗೀಸರವು, ಎದುರು ಬದಿಗೆ ಡಚ್ಚರವು. ಮಳೆ, ಕಡಲಗಾಳಿ ತಾಗದ್ದರಿಂದ ಅಕ್ಷರಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಹೆಸರು ಎಲ್ಲಿ ಬರುತ್ತದೆ, ಇಸವಿ ಎಲ್ಲಿ ಬರುತ್ತದೆ ಎಂದು ಇಲ್ಲಿ ಕಣ್ಣಿಗೆ ರೂಢಿ ಮಾಡಿಕೊಂಡರೆ, ಹೊರಗಿನ ಸವೆದ ಕಲ್ಲುಗಳಲ್ಲೂ ಒಂದಿಷ್ಟು ಓದಲು ಬರುತ್ತದೆ. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂತಿದ್ದ ಜಾಗವೂ ಇಲ್ಲೇ ಇದೆ. 1539ರಲ್ಲಿ ಅವನ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಜನ ಇದೊಂದನ್ನೇ ನೋಡಿ ಹೊರಡುತ್ತಾರೆ. ನೀವು ಗೋಡೆಗಳ ಮುಂದೆ ನಿಲ್ಲಿ.

ಸ್ಮಶಾನ ಅಲ್ಲಿಂದ ನಡೆಯುವಷ್ಟೇ ದೂರ. 1724ರಲ್ಲಿ ಪ್ರತಿಷ್ಠಾಪನೆಯಾದದ್ದು, 104 ಸಮಾಧಿಗಳಿವೆ. ಕೊನೆಯದಾಗಿ ಒಬ್ಬರನ್ನು ಇಲ್ಲಿ ಮಣ್ಣು ಮಾಡಿದ್ದು 1913ರಲ್ಲಿ. ಬ್ರಿಟಿಷರು ಕೊಚ್ಚಿಯನ್ನು ಡಚ್ಚರಿಂದ ಕಿತ್ತುಕೊಂಡದ್ದು 1795ರಲ್ಲಿ ಎಂಬುದನ್ನು ನೆನೆದರೆ, ಆಳ್ವಿಕೆ ಮುಗಿದು ನೂರು ವರ್ಷ ದಾಟಿದ ಮೇಲೂ ಈ ಮಣ್ಣು ಬಳಕೆಯಲ್ಲಿತ್ತು ಎಂದಾಯಿತು. ನನಗೆ ಇಡೀ ಊರಿನಲ್ಲಿ ಅತ್ಯಂತ ಆಪ್ತವೆನಿಸಿದ ಸಂಗತಿ ಇದು. ವ್ಯಾಪಾರಕ್ಕೆ ಬಂದವರ ಕತೆ ನಮಗೆ ಶಾಲೆಯಿಂದಲೂ ಗೊತ್ತು, ಇಲ್ಲೇ ಉಳಿದುಹೋದವರ ಕತೆ ಗೊತ್ತಿಲ್ಲ.

ಬಗ್ಗಿ ನೋಡಿ. ಗಾರೆ ಪದರಪದರವಾಗಿ ಎದ್ದಿದೆ. ಬಿರುಕಿನ ಅಂಚಿನಲ್ಲಿ ಬಿಳಿ ಪುಡಿ ಕೂತಿದೆ. ಕಡಲಿನ ಉಪ್ಪು ತೇವದ ಜೊತೆ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿದಾಗ ಹರಳುಗಟ್ಟಿ ಉಬ್ಬಿ, ಒಳಗಿನಿಂದಲೇ ಮೇಲ್ಮೈಯನ್ನು ಒಡೆಯುತ್ತದೆ. ಅದಕ್ಕೇ ಕೈಮುಗಿದು ಕೇಳುತ್ತೇನೆ: ಅಕ್ಷರ ಕಾಣಲೆಂದು ಪಾಚಿ ಕೆರೆಯಬೇಡಿ, ಸೀಮೆಸುಣ್ಣ ತಿಕ್ಕಬೇಡಿ, ನೀರು ಸುರಿಯಬೇಡಿ. ಸಮಾಧಿಯ ಮೇಲೆ ಕೂತು ಫೋಟೊ ಬೇಡವೇ ಬೇಡ. ಮೊಬೈಲ್ ಟಾರ್ಚನ್ನು ಕಲ್ಲಿಗೆ ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಮಾಸಿದ ಗೆರೆಗಳಿಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಬೆಳಗಿನ ಎಳೆಬಿಸಿಲೂ ಇದೇ ಕೆಲಸ ಮಾಡುತ್ತದೆ, ಹಾಗಾಗಿ ಮಧ್ಯಾಹ್ನ ಹೋಗಬೇಡಿ. ಹುಲ್ಲು ಬೆಳೆದಿದ್ದರೆ ಮುಚ್ಚಿದ ಶೂ ಇರಲಿ.

ಒಳಗೆ ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಗೇಟಿನಿಂದಲೇ ಸಾಲುಗಳು ಕಾಣುತ್ತವೆ, ಚರ್ಚ್‌ನ ಗೋಡೆಗಳನ್ನು ನೋಡಿ ಬಂದವರಿಗೆ ಅಷ್ಟರಲ್ಲೇ ಬಹಳ ಸಿಗುತ್ತದೆ. ಪರೇಡ್ ಮೈದಾನದ ಬಳಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ ಹೊತ್ತ 1740ರ ಹೆಬ್ಬಾಗಿಲೂ ಇದೆ, ದಾರಿಯಲ್ಲೇ ನೋಡಿಕೊಳ್ಳಿ.

ಬೆಂಗಳೂರಿನಿಂದ ಹೋಗುವವರಿಗೆ ಎರ್ನಾಕುಲಂ ಇಂಟರ್‌ಸಿಟಿ ರೈಲು ಇದೆ, ಹಗಲು ಪೂರ್ತಿ ಪ್ರಯಾಣ. ಆ ರಾತ್ರಿ ಎರ್ನಾಕುಲಂನಲ್ಲಿ ತಂಗಿ, ಮರುದಿನ ಬೆಳಗ್ಗೆ ದೋಣಿ ಹಿಡಿಯಿರಿ. ಮುಖ್ಯ ಜೆಟ್ಟಿಯಿಂದ ಸರ್ಕಾರಿ ದೋಣಿ ಇದೆ, ಟಿಕೆಟ್ ತೀರಾ ಅಗ್ಗ. 2024ರಿಂದ ಹೈಕೋರ್ಟ್ ನಿಲ್ದಾಣದಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೊ ಕೂಡ ಓಡುತ್ತಿದೆ. ವಯಸ್ಸಾದವರಿದ್ದರೆ ಹವಾನಿಯಂತ್ರಿತವಾದ ಇದೇ ಆರಾಮ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಆದರೆ ವರ್ಷದ ಕೊನೆಯ ವಾರ ಕಾರ್ನಿವಲ್‌ನ ಜನಜಂಗುಳಿ ಇರುತ್ತದೆ. ಮಧ್ಯಾಹ್ನ ಮಟ್ಟಾಂಚೇರಿಯ ಯಹೂದಿ ಸಿನಗಾಗ್ ಸೇರಿಸಿಕೊಳ್ಳುವ ಯೋಚನೆಯಿದ್ದರೆ ಶುಕ್ರವಾರ, ಶನಿವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ, ಆ ದಿನಗಳ ಮಧ್ಯಾಹ್ನ ಅಲ್ಲಿ ಪ್ರವಾಸಿಗರಿಗೆ ಬಾಗಿಲು ಮುಚ್ಚಿರುತ್ತದೆ.