ಬಹುಮತವಿಲ್ಲದ ಸರ್ಕಾರ ಸ್ಕಾಟ್ಲೆಂಡಿನಲ್ಲಿ ಹೇಗೆ ನಿಲ್ಲುತ್ತದೆ?

ಎಡಿನ್‌ಬರಾದಲ್ಲಿದ್ದೇನೆ ಎಂದು ಗೊತ್ತಾದರೆ ಊರಿನ ಕಡೆಯವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ. ರಾಜಕೀಯದ ಹುಚ್ಚು ಇರುವವರಾದರೆ ಮುಂದಿನ ಪ್ರಶ್ನೆ ಹೆಚ್ಚುಕಡಿಮೆ ಇದೇ: "ಅಲ್ಲಾ ಮಾರಾಯ್ರೇ, ಅಲ್ಲಿ ಯಾವ ಪಕ್ಷಕ್ಕೂ ಬಹುಮತವೇ ಬರೋದಿಲ್ವಂತೆ. ಆದ್ರೂ ಸರ್ಕಾರ ಪೂರ್ತಿ ಅವಧಿ ನಡೆಯುತ್ತಂತೆ. ಅದು ಹ್ಯಾಗೆ? ಶಾಸಕರನ್ನ ರೆಸಾರ್ಟಿಗೆ ಕರ್ಕೊಂಡು ಹೋಗಲ್ವಾ?" 2019ರ ಜುಲೈನಲ್ಲಿ ನಮ್ಮ ವಿಧಾನಸಭೆಯಲ್ಲಿ 99ಕ್ಕೆ 105ರ ಲೆಕ್ಕದಲ್ಲಿ ಸರ್ಕಾರ ಬಿದ್ದದ್ದನ್ನು ದಿನವಿಡೀ ಟೀವಿ ಮುಂದೆ ಕೂತು ನೋಡಿದವರು ಹೀಗೆ ಕೇಳುವುದು ಸಹಜವೇ.

"ಇಲ್ಲಿನವರು ಸಭ್ಯರು, ಅದಕ್ಕೇ ನಡೆಯುತ್ತದೆ" ಎಂದು ಹೇಳುವವರಿದ್ದಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಅಧಿಕಾರದ ಆಸೆ ಎಲ್ಲ ಕಡೆಯೂ ಒಂದೇ. ಇಲ್ಲಿ ಸರ್ಕಾರ ಉಳಿಯುವುದು ಬೇರೆ ಕಾರಣಕ್ಕೆ: ಅದನ್ನು ಬೀಳಿಸಿದವರಿಗೆ ಸಿಗುವುದು ತೀರಾ ಕಡಿಮೆ. ನಿಯಮಗಳನ್ನು ಬರೆದಿರುವುದೇ ಹಾಗೆ.

ಸ್ಕಾಟಿಷ್ ಸಂಸತ್ತಿನಲ್ಲಿ 129 ಸ್ಥಾನ, ಬಹುಮತಕ್ಕೆ 65 ಬೇಕು. 73 ಮಂದಿ ನಮ್ಮಲ್ಲಿಯಂತೆ ಕ್ಷೇತ್ರಗಳಿಂದ ಗೆದ್ದು ಬರುತ್ತಾರೆ. ಉಳಿದ 56 ಮಂದಿ ಎಂಟು ಪ್ರಾಂತಗಳ ಪಕ್ಷದ ಪಟ್ಟಿಗಳಿಂದ ಬರುತ್ತಾರೆ. ಕ್ಷೇತ್ರಗಳನ್ನು ಬಾಚಿಕೊಂಡ ಪಕ್ಷಕ್ಕೆ ಪಟ್ಟಿಯಲ್ಲಿ ಕಡಿಮೆ ಸಿಗುವಂತೆ ಲೆಕ್ಕ ಹಾಕುವುದರಿಂದ ಒಂದೇ ಪಕ್ಷ 65 ದಾಟುವುದು ಬಹಳ ಕಷ್ಟ. 1999ರಿಂದ 2021ರವರೆಗಿನ ಆರು ಚುನಾವಣೆಗಳಲ್ಲಿ ಅದು ಆದದ್ದು ಒಮ್ಮೆ ಮಾತ್ರ, 2011ರಲ್ಲಿ. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ, ಅಂದರೆ ಎಸ್‌ಎನ್‌ಪಿಗೆ, ಆಗ 69 ಬಂದಿತ್ತು. ಮೊದಲ ಎಂಟು ವರ್ಷ ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳ ಮೈತ್ರಿ ಆಳಿತು. ನಿಜವಾದ ಅಲ್ಪಮತದ ಪ್ರಯೋಗ ಶುರುವಾದದ್ದು 2007ರಲ್ಲಿ.

ಆ ವರ್ಷ ಎಸ್‌ಎನ್‌ಪಿಗೆ 47, ಲೇಬರ್‌ಗೆ 46. ಒಂದೇ ಒಂದು ಸ್ಥಾನದ ಅಂತರ. ಲಿಬರಲ್ ಡೆಮಾಕ್ರಾಟರು ಮೈತ್ರಿಗೆ ಒಲ್ಲೆ ಎಂದರು. ಇಬ್ಬರೇ ಸದಸ್ಯರಿದ್ದ, ಪರಿಸರವಾದಿಗಳ ಗ್ರೀನ್ ಪಕ್ಷ ಮಾತ್ರ ಒಂದು ಸಡಿಲ ಒಪ್ಪಂದ ಮಾಡಿಕೊಂಡಿತು. ನಮ್ಮಲ್ಲಾಗಿದ್ದರೆ ಇಲ್ಲಿಂದ ರಾಜಭವನಕ್ಕೆ ಓಟ, ಬೆಂಬಲ ಪತ್ರಗಳ ಎಣಿಕೆ. ಇಲ್ಲಿ ಆ ಹಂತವೇ ಇಲ್ಲ. ಫಸ್ಟ್ ಮಿನಿಸ್ಟರ್, ಅಂದರೆ ಇಲ್ಲಿನ ಮುಖ್ಯಮಂತ್ರಿ, ಯಾರೆಂದು ಮೊದಲು ಸದನವೇ ಮತ ಹಾಕಿ ಆರಿಸುತ್ತದೆ, ರಾಜಮನೆತನದ ನೇಮಕ ಆಮೇಲೆ. ಸದನದ ಪ್ರತಿ ಮೇಜಿನ ಮೇಲೂ ಮತ ಹಾಕುವ ಯಂತ್ರವಿದೆ. ಹೌದು, ಇಲ್ಲ, ತಟಸ್ಥ ಎಂದು ಮೂರು ಆಯ್ಕೆ. ಇಬ್ಬರೇ ಅಭ್ಯರ್ಥಿಗಳು ಉಳಿದಾಗ ಯಾರಿಗೆ ಒಂದು ಮತ ಹೆಚ್ಚೋ ಅವರು ಗೆದ್ದರು. 65 ಬೇಕು ಎಂದೇನಿಲ್ಲ. ಮೇ 16ರಂದು ಆದದ್ದು ಇದೇ. ಮೊದಲ ಸುತ್ತಿನಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿಗಳಿಗೆ ತಲಾ 16 ಬಿದ್ದು ಅವರು ಹೊರಗಾದರು. ಎರಡನೇ ಸುತ್ತಿನಲ್ಲಿ ಎಸ್‌ಎನ್‌ಪಿಯ ಅಲೆಕ್ಸ್ ಸಾಮಂಡ್ 49, ಲೇಬರ್‌ನ ಜ್ಯಾಕ್ ಮೆಕಾನೆಲ್ 46, ತಟಸ್ಥರು 33. ಅರ್ಧ ಸದನವೂ ಬೆಂಬಲಿಸದ ವ್ಯಕ್ತಿ ಸರ್ಕಾರದ ಮುಖ್ಯಸ್ಥರಾದರು, ನಾಲ್ಕು ವರ್ಷ ಪೂರ್ತಿ ಆಳಿದರು.

ಆ 33 ಮಂದಿ ಸಾಮಂಡರಿಗೆ ಉಪಕಾರ ಮಾಡಲು ಸುಮ್ಮನೆ ಕೂತವರಲ್ಲ. 28 ದಿನಗಳೊಳಗೆ ಯಾರನ್ನೂ ಆರಿಸದಿದ್ದರೆ ಮತ್ತೆ ಚುನಾವಣೆಗೆ ಹೋಗಬೇಕು. ಆಗಷ್ಟೇ ಸೋತು ಬಂದವರಿಗೆ ಅದು ಬೇಡ. ಇದಕ್ಕಿಂತ ಜಾಣತನದ ನಿಯಮ ಇನ್ನೊಂದಿದೆ: ಮಧ್ಯಂತರ ಚುನಾವಣೆ ನಡೆದರೂ ಹೊಸ ಸದನಕ್ಕೆ ಪೂರ್ತಿ ಅವಧಿ ಸಿಗುವುದಿಲ್ಲ. ಹಳೆಯ ಸದನದ ಬಾಕಿ ಅವಧಿಯಷ್ಟೇ ದಕ್ಕುತ್ತದೆ, ನಿಗದಿಯಾದ ಚುನಾವಣೆ ನಿಗದಿಯಾದ ದಿನವೇ ಬರುತ್ತದೆ. (ನಿಗದಿತ ದಿನಕ್ಕೆ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಮಾತ್ರ ವಿನಾಯಿತಿ.) ಕೋಟಿಗಟ್ಟಲೆ ಸುರಿದು ಗೆದ್ದು ಎರಡೇ ವರ್ಷದಲ್ಲಿ ಮತ್ತೆ ಮನೆ ಮನೆ ಸುತ್ತಲು ಯಾರಿಗೆ ಹುರುಪಿದ್ದೀತು?

ರೆಸಾರ್ಟಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಶಾಸಕರಿಂದ ರಾಜೀನಾಮೆ ಕೊಡಿಸಿ, ಉಪಚುನಾವಣೆಯಲ್ಲಿ ಹೊಸ ಚಿಹ್ನೆಯ ಮೇಲೆ ಗೆಲ್ಲಿಸಿಕೊಂಡು ಬರುವ ವಿದ್ಯೆ ಪಟ್ಟಿಯಿಂದ ಬಂದ 56 ಮಂದಿಯ ಮೇಲೆ ನಡೆಯುವುದಿಲ್ಲ. ಅವರಲ್ಲೊಬ್ಬರು ರಾಜೀನಾಮೆ ಕೊಟ್ಟರೆ ಉಪಚುನಾವಣೆಯೇ ಇಲ್ಲ, ಅದೇ ಪಕ್ಷದ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೋ ಅವರು ಬಂದು ಕೂರುತ್ತಾರೆ. ರಾಜೀನಾಮೆ ಕೊಡದೆ ಪಕ್ಷವನ್ನಷ್ಟೇ ಬಿಟ್ಟರೆ ಸ್ಥಾನ ಉಳಿಯುತ್ತದೆ. ಪಕ್ಷಾಂತರ ನಿಷೇಧ ಕಾನೂನು ಇಲ್ಲಿಲ್ಲ. ಇದು ಮುಂದೆ ಒಬ್ಬರ ಕುತ್ತಿಗೆಗೇ ಬಂತು, ಅಲ್ಲಿಗೆ ಬರುತ್ತೇನೆ.

ಅಲ್ಪಮತದ ಸರ್ಕಾರ ನಡೆಸುವುದೆಂದರೆ ಏನೆಂದು ತಿಳಿಯಬೇಕಾದರೆ 2009ರ ಜನವರಿ 28ರ ಬಜೆಟ್ ಮತದಾನವನ್ನು ನೋಡಬೇಕು. ಹಣಕಾಸು ಸಚಿವರು ಜಾನ್ ಸ್ವಿನ್ನಿ. ಎಸ್‌ಎನ್‌ಪಿಯ 47, ಕನ್ಸರ್ವೇಟಿವ್‌ರ 16, ಪಕ್ಷೇತರ ಸದಸ್ಯೆ ಮಾರ್ಗೊ ಮೆಕ್‌ಡೊನಾಲ್ಡರ ಒಂದು, ಒಟ್ಟು 64. ಎದುರಿಗೆ ಲೇಬರ್ 46, ಲಿಬರಲ್ ಡೆಮಾಕ್ರಾಟ್ 16, ಇಬ್ಬರು ಗ್ರೀನ್, ಅದೂ 64. ಮನೆಗಳಿಗೆ ಚಳಿ ತಡೆಯುವ ಹೊದಿಕೆ ಹಾಕಿಸುವ ಉಚಿತ ಯೋಜನೆಗೆ ಗ್ರೀನ್‌ನವರು ವರ್ಷಕ್ಕೆ 10 ಕೋಟಿ ಪೌಂಡ್ ಕೇಳಿದ್ದರು. ಸರ್ಕಾರ ಅಷ್ಟಕ್ಕೆ ಒಪ್ಪಲಿಲ್ಲ, ಮತದಾನ ಶುರುವಾಗುವವರೆಗೂ ಚೌಕಾಸಿ ನಡೆಯಿತು, ಕೊನೆಗೆ ಆ ಇಬ್ಬರೂ 'ಇಲ್ಲ' ಒತ್ತಿದರು. ಸಮಬಲವಾದಾಗ ಸಭಾಧ್ಯಕ್ಷರ ಮತ ಇದ್ದದ್ದನ್ನು ಇದ್ದಂತೆಯೇ ಉಳಿಸುವ ಕಡೆಗೆ ಬೀಳಬೇಕೆಂಬುದು ಇಲ್ಲಿನ ಸಂಪ್ರದಾಯ. ಸಭಾಧ್ಯಕ್ಷ ಅಲೆಕ್ಸ್ ಫರ್ಗುಸನ್ ಕನ್ಸರ್ವೇಟಿವ್ ಪಕ್ಷದಿಂದ ಬಂದವರು. ಆ ಪಕ್ಷ ಬಜೆಟ್ ಪರ ಮತ ಹಾಕಿತ್ತು. ಅವರು ಸಂಪ್ರದಾಯದಂತೆ ವಿರುದ್ಧ ಹಾಕಿ ಬಜೆಟ್ಟನ್ನು ಬೀಳಿಸಿದರು.

ಹೀಗಾದರೆ ಖಜಾನೆಗೆ ಬೀಗ ಬೀಳುವುದಿಲ್ಲ. ಕಳೆದ ವರ್ಷದ ಮೊತ್ತದ ಹನ್ನೆರಡನೇ ಒಂದು ಭಾಗವನ್ನು ತಿಂಗಳು ತಿಂಗಳಿಗೆ ಖರ್ಚು ಮಾಡಬಹುದು. ಸಂಬಳಗಳು ನಡೆಯುತ್ತವೆ, ಹೊಸದೇನೂ ಆಗುವುದಿಲ್ಲ. ಆದರೂ ಸಾಮಂಡ್ ಅಂದೇ ಹೇಳಿದರು, ಬಜೆಟ್ ಆಗದಿದ್ದರೆ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋಗುತ್ತೇನೆ ಎಂದು. ಒಂದು ವಾರ ಕಳೆಯಿತು. ಲೇಬರ್‌ಗೆ ಅಪ್ರೆಂಟಿಸ್ ತರಬೇತಿಯ ಸ್ಥಾನಗಳು ಸಿಕ್ಕವು, ಲಿಬರಲ್ ಡೆಮಾಕ್ರಾಟರಿಗೂ ಮುಖ ಉಳಿಸಿಕೊಳ್ಳಲು ಏನೋ ಒಂದು ಸಿಕ್ಕಿತು. ಹೆಚ್ಚುಕಡಿಮೆ ಅದೇ ಬಜೆಟ್ ಫೆಬ್ರವರಿ 4ರಂದು 123ಕ್ಕೆ 2 ಮತಗಳಿಂದ ಪಾಸಾಯಿತು. ಆ ಎರಡು ಮತ ಗ್ರೀನ್‌ನವರದೇ. ಒಂದು ವಾರದ ಹಿಂದೆ ಸರ್ಕಾರದ ಜುಟ್ಟು ಹಿಡಿದಿದ್ದವರನ್ನು ಈಗ ಕೇಳುವವರೇ ಇರಲಿಲ್ಲ. ಅಲ್ಪಮತದ ನಾಯಕನಿಗೆ ಬೇಕಾದ ಚಾಕಚಕ್ಯತೆ ಇದು: ಒಬ್ಬರ ಹತ್ತಿರ ಕೆಲಸವಾಗದಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಲು ದಾರಿ ಇಟ್ಟುಕೊಂಡಿರಬೇಕು.

ಎಲ್ಲವೂ ಹೀಗೆ ದಕ್ಕಲಿಲ್ಲ ಅನ್ನಿ. ಎಡಿನ್‌ಬರಾದ ಟ್ರಾಮ್ ಯೋಜನೆಯನ್ನು ರದ್ದು ಮಾಡುತ್ತೇವೆ ಎಂದು ಹೊರಟ ಎಸ್‌ಎನ್‌ಪಿಯನ್ನು 2007ರ ಜೂನ್‌ನಲ್ಲೇ ಉಳಿದೆಲ್ಲ ಪಕ್ಷಗಳು ಸೇರಿ ಸೋಲಿಸಿದವು. 50 ಕೋಟಿ ಪೌಂಡ್ ಕೊಡುತ್ತೇವೆ, ಅದರ ಮೇಲೆ ಒಂದು ಪೆನ್ನಿಯೂ ಇಲ್ಲ ಎಂದು ಸರ್ಕಾರ ಕೈ ತೊಳೆದುಕೊಂಡಿತು. ಊರೆಲ್ಲ ಅಗೆದು ಹಾಕಿ, ಗುತ್ತಿಗೆದಾರರ ಜೊತೆ ಜಗಳವಾಡಿ, ಅಂತೂ ಟ್ರಾಮ್ ಓಡಿದ್ದು 2014ರ ಮೇ ತಿಂಗಳಲ್ಲಿ. ಖರ್ಚು 77.6 ಕೋಟಿ ಪೌಂಡ್. ತನಗೆ ಬೇಡದ ಯೋಜನೆಯನ್ನು ಸದನದ ಒತ್ತಾಯಕ್ಕೆ ನಡೆಸಬೇಕಾದ ಸರ್ಕಾರ ಅದರ ಮೇಲೆ ಎಷ್ಟು ಕಣ್ಣಿಟ್ಟೀತು? ಅಲ್ಪಮತದ ಗುಣಗಾನ ಮಾಡುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಥಳೀಯ ಆದಾಯ ತೆರಿಗೆಯ ಕನಸನ್ನೂ ಎಸ್‌ಎನ್‌ಪಿ ಮತಗಳಿಲ್ಲದೆ ಕೈಬಿಟ್ಟಿತು. ಬ್ರಿಟನ್ನಿನಿಂದ ಸ್ಕಾಟ್ಲೆಂಡ್ ಬೇರೆಯಾಗಬೇಕೇ ಎಂಬ ಸ್ವಾತಂತ್ರ್ಯದ ಜನಮತಗಣನೆ 2011ರ ಬಹುಮತ ಬರುವವರೆಗೂ ಕಾಯಬೇಕಾಯಿತು.

ಇಷ್ಟು ಕೇಳಿದ ಮೇಲೆ ತಪ್ಪದೆ ಬರುವ ಮರುಪ್ರಶ್ನೆ: "ಹಾಗಾದ್ರೆ ಹಂಜಾ ಯೂಸಫ್ ಯಾಕೆ ಬಿದ್ರು?" ಹೆಸರು ನಮ್ಮ ಕಡೆಯದು ಎನಿಸುವುದರಿಂದ ಕುತೂಹಲ ಸ್ವಲ್ಪ ಜಾಸ್ತಿ. ಆಗ ಲಂಡನ್ನಿನಲ್ಲಿ ಬೆಂಗಳೂರಿನ ಅಳಿಯ ರಿಷಿ ಸುನಕ್ ಪ್ರಧಾನಿ, ಎಡಿನ್‌ಬರಾದಲ್ಲಿ ಪಾಕಿಸ್ತಾನಿ ಮೂಲದ ಯೂಸಫ್ ಫಸ್ಟ್ ಮಿನಿಸ್ಟರ್. ವಾಟ್ಸಾಪ್ ಗುಂಪುಗಳಿಗೆ ಹಬ್ಬವೇ ಹಬ್ಬ.

2021ರಲ್ಲಿ ನಿಕೋಲಾ ಸ್ಟರ್ಜನ್ ನೇತೃತ್ವದಲ್ಲಿ ಎಸ್‌ಎನ್‌ಪಿಗೆ 64 ಸ್ಥಾನ ಬಂತು, ಬಹುಮತಕ್ಕೆ ಒಂದು ಕಡಿಮೆ. ಹಳೆಯ ರೀತಿಯಲ್ಲೇ ನಡೆಸಬಹುದಿತ್ತು. ಅವರು ಗ್ರೀನ್ ಪಕ್ಷದ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡರು. ಫಸ್ಟ್ ಮಿನಿಸ್ಟರ್ ಅವರ ಅಧಿಕೃತ ನಿವಾಸದ ಹೆಸರಿನಿಂದ ಅದಕ್ಕೆ ಬ್ಯೂಟ್ ಹೌಸ್ ಒಪ್ಪಂದ ಎನ್ನುತ್ತಾರೆ. ಗ್ರೀನ್‌ನ ಇಬ್ಬರು ಸಹನಾಯಕರು, ಪ್ಯಾಟ್ರಿಕ್ ಹಾರ್ವಿ ಮತ್ತು ಲೋರ್ನಾ ಸ್ಲೇಟರ್, ಕಿರಿಯ ಸಚಿವರಾದರು. ಗ್ರೀನ್‌ನ ಎಂಟು ಮಂದಿಯಲ್ಲಿ ಒಬ್ಬರು ಸಭಾಧ್ಯಕ್ಷರಾಗಿದ್ದರಿಂದ ಮತ ಹಾಕುವವರು ಏಳು. 64 ಮತ್ತು 7, ಒಟ್ಟು 71.

2023ರ ಫೆಬ್ರವರಿಯಲ್ಲಿ ಸ್ಟರ್ಜನ್ ಹುದ್ದೆ ಬಿಡುವುದಾಗಿ ಹೇಳಿದರು. ಎಸ್‌ಎನ್‌ಪಿಯಲ್ಲಿ ನಾಯಕನನ್ನು ಆರಿಸುವವರು ಶಾಸಕರಲ್ಲ, ಚಂದಾ ಕಟ್ಟುವ ಸಾಮಾನ್ಯ ಸದಸ್ಯರು. ಆಗ ಅವರ ಸಂಖ್ಯೆ ಸುಮಾರು 72 ಸಾವಿರ. ಸ್ಪರ್ಧೆಯಲ್ಲಿದ್ದವರು ಯೂಸಫ್, ಕೇಟ್ ಫೋರ್ಬ್ಸ್, ಆಶ್ ರೀಗನ್. ಗ್ರೀನ್ ಜೊತೆಗಿನ ಒಪ್ಪಂದವನ್ನು ಕಾಪಾಡುತ್ತೇನೆ ಎಂದು ಗಟ್ಟಿಯಾಗಿ ಹೇಳಿದವರು ಯೂಸಫ್ ಒಬ್ಬರೇ. ಅವರು ಗೆದ್ದರು, ಆದರೆ 52.1ಕ್ಕೆ 47.9ರ ಅಂತರದಲ್ಲಿ. ಪಕ್ಷದ ಅರ್ಧದಷ್ಟು ಜನ ಫೋರ್ಬ್ಸ್ ಕಡೆಗಿದ್ದರು. ಮೂರನೆಯವರಾದ ರೀಗನ್ ಅದೇ ಅಕ್ಟೋಬರಿನಲ್ಲಿ ಪಕ್ಷ ಬಿಟ್ಟು, ಅಲೆಕ್ಸ್ ಸಾಮಂಡ್ ಕಟ್ಟಿದ್ದ ಆಲ್ಬಾ ಪಕ್ಷ ಸೇರಿದರು. ಹೋದರೆ ಅದೇನು ದೊಡ್ಡ ನಷ್ಟವಲ್ಲ ಎಂಬ ಧಾಟಿಯಲ್ಲಿ ಯೂಸಫ್ ಮಾತಾಡಿದರು. 64 ಇದ್ದದ್ದು 63 ಆಯಿತು.

2024ರ ಏಪ್ರಿಲ್‌ನಲ್ಲಿ ಸರ್ಕಾರ ಹವಾಮಾನದ ವಿಷಯದಲ್ಲಿ ಹಿಂದೆ ಸರಿಯಿತು. 2030ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ಶೇ 75ರಷ್ಟು ತಗ್ಗಿಸುವ ಗುರಿ ಸಾಧ್ಯವಿಲ್ಲ ಎಂದು ಕೈಬಿಟ್ಟಿತು. ಗ್ರೀನ್ ಪಕ್ಷದ ಸದಸ್ಯರು ಕೆಂಡವಾದರು. ಮೈತ್ರಿಯಲ್ಲಿ ಇರಬೇಕೋ ಬೇಡವೋ ಎಂದು ತಮ್ಮಲ್ಲೇ ಮತ ಹಾಕಲು ನಿರ್ಧರಿಸಿದರು. ಯೂಸಫ್ ಅದಕ್ಕೆ ಕಾಯಲಿಲ್ಲ. ಏಪ್ರಿಲ್ 25ರ ಬೆಳಿಗ್ಗೆ ಹಾರ್ವಿ ಮತ್ತು ಸ್ಲೇಟರ್ ಅವರನ್ನು ಕರೆಸಿ ಒಪ್ಪಂದ ಮುಗಿಯಿತು ಎಂದು ತಾವೇ ಹೇಳಿಬಿಟ್ಟರು. ಅವರು ಬಿಟ್ಟು ಹೋಗುವ ಮೊದಲು ನಾನೇ ಬಿಟ್ಟೆ ಎನಿಸಿಕೊಳ್ಳುವ ಗತ್ತು ಇದ್ದಿರಬೇಕು.

ಅಂದೇ ಕನ್ಸರ್ವೇಟಿವ್ ನಾಯಕ ಡಗ್ಲಸ್ ರಾಸ್ ಫಸ್ಟ್ ಮಿನಿಸ್ಟರ್ ಮೇಲೆ ಅವಿಶ್ವಾಸ ಘೋಷಿಸಿದರು. ಗ್ರೀನ್ ಅದನ್ನು ಬೆಂಬಲಿಸುತ್ತೇವೆ ಎಂದಿತು. ಈಗ ಕೂಡಿಸಿ ನೋಡಿ: ಕನ್ಸರ್ವೇಟಿವ್ 31, ಲೇಬರ್ 22, ಗ್ರೀನ್ 7, ಲಿಬರಲ್ ಡೆಮಾಕ್ರಾಟ್ 4, ಒಟ್ಟು 64. ಯೂಸಫ್ ಕಡೆ 63. ಉಳಿದದ್ದು ಒಂದೇ ಮತ, ಆಶ್ ರೀಗನ್ ಅವರದು. ಅದು ಸಿಕ್ಕಿದರೆ 64-64, ಸಭಾಧ್ಯಕ್ಷರ ಮತದಿಂದ ಕುರ್ಚಿ ಉಳಿಯುತ್ತದೆ. ದೊಡ್ಡ ನಷ್ಟವಲ್ಲ ಎನಿಸಿಕೊಂಡವರ ಮುಂದೆ ಹೋಗಿ ಕೈ ಚಾಚಬೇಕಿತ್ತು, ಅವರ ಬೆನ್ನಿಗೆ 2007ರ ಗೆಲುವಿನ ಸಾಮಂಡ್ ಕೂತಿದ್ದರು. ಅಧಿಕಾರ ಉಳಿಸಿಕೊಳ್ಳಲು ಯಾರ ಜೊತೆ ಬೇಕಾದರೂ ವ್ಯವಹಾರ ಕುದುರಿಸಲಾರೆ ಎಂದು ಹೇಳಿ ಯೂಸಫ್ 29ರಂದು ರಾಜೀನಾಮೆ ಘೋಷಿಸಿದರು.

ಎರಡೇ ದಿನದ ಬಳಿಕ ನಡೆದದ್ದನ್ನು ನಮ್ಮವರಿಗೆ ಹೇಳಿದರೆ ನಂಬುವುದೇ ಇಲ್ಲ. ಲೇಬರ್ ಪಕ್ಷ ಇಡೀ ಸರ್ಕಾರದ ಮೇಲೆ ಅವಿಶ್ವಾಸ ತಂದಿತ್ತು. ಫಸ್ಟ್ ಮಿನಿಸ್ಟರ್ ಒಬ್ಬರ ಮೇಲಿನ ಅವಿಶ್ವಾಸಕ್ಕೆ ಕಾನೂನಿನ ಬಲವಿಲ್ಲ, ಮುಖ ತೋರಿಸುವುದು ಕಷ್ಟವಾಗುತ್ತದೆ ಅಷ್ಟೆ. ಸರ್ಕಾರದ ಮೇಲಿನದು ಪಾಸಾದರೆ ಎಲ್ಲರೂ ರಾಜೀನಾಮೆ ಕೊಡಲೇಬೇಕು. ಮೇ 1ರಂದು ಆ ನಿರ್ಣಯ 58ಕ್ಕೆ 70 ಮತಗಳಿಂದ ಬಿತ್ತು. ಯೂಸಫ್‌ರನ್ನು ಇಳಿಸಲು ಸಿದ್ಧರಾಗಿದ್ದ ಗ್ರೀನ್‌ನ ಅದೇ ಏಳು ಮಂದಿ ಅವರ ಸರ್ಕಾರವನ್ನು ಉಳಿಸಿದರು! ಅವರ ಸಿಟ್ಟು ಇದ್ದದ್ದು ವ್ಯಕ್ತಿಯ ಮೇಲೆ. ಚುನಾವಣೆ ಅವರಿಗೂ ಬೇಕಿರಲಿಲ್ಲ.

ಆದ್ದರಿಂದ ಯೂಸಫ್‌ರನ್ನು ಅಲ್ಪಮತ ಬೀಳಿಸಿತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವರನ್ನು ಬೀಳಿಸಿದ್ದು ಮೈತ್ರಿಯ ಅಭ್ಯಾಸ. 71 ಮತಗಳು ಕಿಸೆಯಲ್ಲಿದ್ದಷ್ಟು ಕಾಲ ವಿರೋಧ ಪಕ್ಷಗಳ ಜೊತೆ ಮಾತಿಗೆ ಕೂರುವ ಅಗತ್ಯವೇ ಬಿದ್ದಿರಲಿಲ್ಲ, ಅಗತ್ಯ ಬಿದ್ದ ದಿನ ಫೋನ್ ಮಾಡಲು ಯಾರೂ ಇರಲಿಲ್ಲ. ಸದಸ್ಯರ ಮತದಿಂದ ನಾಯಕನನ್ನು ಆರಿಸುವ ಪದ್ಧತಿಯ ತೊಡಕೂ ಇದರಲ್ಲಿದೆ. ಚಂದಾ ಕಟ್ಟಿದವರಿಗೆ ಬೇಕಾದದ್ದು ತಮ್ಮ ಮನಸ್ಸಿನ ಮಾತಾಡುವ ನಾಯಕ. ಸದನಕ್ಕೆ ಬೇಕಾದದ್ದು ಎದುರಾಳಿಯ ಜೊತೆ ಚಹಾ ಕುಡಿದು ಲೆಕ್ಕ ಚುಕ್ತಾ ಮಾಡಬಲ್ಲವರು.

ಅಂಥವರೊಬ್ಬರು ಹಿಂದಿನ ಬೆಂಚಿನಲ್ಲೇ ಕೂತಿದ್ದರು. 2000ದಿಂದ 2004ರವರೆಗೆ ಪಕ್ಷದ ನಾಯಕರಾಗಿ ಸೋತು ಹೊರನಡೆದಿದ್ದ ಜಾನ್ ಸ್ವಿನ್ನಿ, 2009ರ ಆ ಬಜೆಟ್ಟಿನ ಸ್ವಿನ್ನಿಯೇ, ಸ್ಪರ್ಧೆಯಿಲ್ಲದೆ ಮತ್ತೆ ನಾಯಕರಾದರು. ಮೇ 7ರಂದು ಸದನದಲ್ಲಿ ಅವರಿಗೆ 64 ಮತ, ಗ್ರೀನ್ ತಟಸ್ಥ. ಹಿಂದಿನ ವರ್ಷ ಯೂಸಫ್ ಎದುರು ಸೋತಿದ್ದ ಕೇಟ್ ಫೋರ್ಬ್ಸ್ ಅವರನ್ನು ತಮ್ಮ ಉಪಮುಖ್ಯಸ್ಥೆಯಾಗಿ ಕರೆದುಕೊಂಡರು, ಅಲ್ಲಿಗೆ ಪಕ್ಷದೊಳಗಿನ ಗದ್ದಲ ಅರ್ಧ ತಣ್ಣಗಾಯಿತು. ಗ್ರೀನ್ ಜೊತೆ ಹೊಸ ಒಪ್ಪಂದಕ್ಕೆ ಕೈ ಹಾಕಲಿಲ್ಲ. 2025ರ ಫೆಬ್ರವರಿಯಲ್ಲಿ ಅವರ ಸರ್ಕಾರದ ಮೊದಲ ಬಜೆಟ್ಟಿಗೆ ಗ್ರೀನ್ ಮತ್ತು ಲಿಬರಲ್ ಡೆಮಾಕ್ರಾಟ್ ಎರಡೂ ಮತ ಹಾಕಿದವು. ಲೇಬರ್‌ನವರು ಮತದಾನಕ್ಕೆ ವಾರಗಳ ಮುಂಚೆಯೇ ತಟಸ್ಥರಾಗಿರುತ್ತೇವೆ ಎಂದು ಹೇಳಿಬಿಟ್ಟಿದ್ದರಿಂದ ಆ ಮಧ್ಯಾಹ್ನ ಸದನದಲ್ಲಿ ನೋಡುವಂಥದ್ದೇನೂ ಇರಲಿಲ್ಲ.