ಹರಿಹರೇಶ್ವರನ ಎಡ ಯಾವುದು, ಬಲ ಯಾವುದು

ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಹರಿಹರೇಶ್ವರನ ಗರ್ಭಗುಡಿಯ ಮುಂದೆ ನಿಂತವರು ಮೊದಲು ಎಡವುವುದು ಇಲ್ಲೇ. ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ಎದುರು ನಿಂತವರಿಗೆ ಹರ ತಮ್ಮ ಎಡಕ್ಕೆ ಕಾಣುತ್ತಾನೆ. ಹರಿಹರ ಶಿಲ್ಪದ ಕ್ರಮದಲ್ಲಿ ಶಿವನ ಕಡೆ ಜಟೆ, ತ್ರಿಶೂಲ. ವಿಷ್ಣುವಿನ ಕಡೆ ಕಿರೀಟ, ಶಂಖಚಕ್ರ. ಹೂವಿನ ಅಲಂಕಾರ ಏರಿತೆಂದರೆ ಈ ಭೇದ ಮುಚ್ಚಿಹೋಗುತ್ತದೆ. ಮೂರ್ತಿಯನ್ನೇ ಕಾಣಬೇಕೆಂದರೆ ಬೆಳಗಿನ ಅಭಿಷೇಕದ ಹೊತ್ತಿಗೆ ಹೋಗಬೇಕು. ಬಿಲ್ವ, ತುಳಸಿ ಎರಡೂ ಕೈಯಲ್ಲಿರಲಿ. ಒಂದೇ ಸಿಕ್ಕಿದರೂ ದೇವರೇನೂ ಮುನಿಯುವುದಿಲ್ಲ.

ಗುಹಾಸುರನಿಗೆ ಶಿವನಿಂದಲೂ ವಿಷ್ಣುವಿನಿಂದಲೂ ಸಾವಿಲ್ಲವೆಂದು ಬ್ರಹ್ಮನ ವರವಿತ್ತು. ಅವನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾದರು ಎನ್ನುತ್ತದೆ ಸ್ಥಳಪುರಾಣ. ವರವೂ ಸುಳ್ಳಾಗಲಿಲ್ಲ, ಅಸುರನೂ ಉಳಿಯಲಿಲ್ಲ! ಇಂಥ ದೇವರಿಗೆ ಗುಡಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ, 1224ರ ಸುಮಾರಿಗೆ. 1268ರಲ್ಲಿ ಸೋಮ ದಂಡನಾಯಕ ಅದನ್ನು ಇನ್ನಷ್ಟು ಬೆಳೆಸಿದ.

ದರ್ಶನ ಮುಗಿಸಿ ನೇರ ಚಪ್ಪಲಿ ಹುಡುಕುವವರೇ ಹೆಚ್ಚು. ತೆರೆದ ಮಂಟಪದಲ್ಲಿ ಸ್ವಲ್ಪ ಕೂತು ನೋಡಿ. ಒಳಗಿನವು ತಿರುಗಣಿಯಲ್ಲಿ ಕಡೆದ ಪೂರ್ಣ ಕಂಬಗಳು. ಅಂಚಿನಲ್ಲಿ ಗಿಡ್ಡ ಗೋಡೆಯ ಮೇಲೆ ನಿಂತ ಅರ್ಧ ಕಂಬಗಳು. ತಲೆ ಎತ್ತಿದರೆ ಛಾವಣಿಯಲ್ಲಿ ಕಮಲ. ಗರ್ಭಗುಡಿಯ ಮೇಲಿನ ಗೋಪುರ ಮಾತ್ರ ಹೊಯ್ಸಳರದ್ದಲ್ಲ. ಮೂಲದ್ದು ಹಾಳಾದ ಮೇಲೆ ಇಟ್ಟಿಗೆ ಗಾರೆಯಲ್ಲಿ ಕಟ್ಟಿದ್ದು. ಅದನ್ನೇ ಫೋಟೋ ತೆಗೆದು ‘ಹೊಯ್ಸಳ ಶಿಲ್ಪ’ ಎಂದು ಹಂಚುವುದೂ ಉಂಟು.

ಹೊರಗೆ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಕಲ್ಲಿನ ಕಟ್ಟಡಗಳು ದೀಪ ಹಚ್ಚಲೆಂದೇ ಮಾಡಿದವು. ಹರಕೆಯ ದೀಪಕ್ಕೆ ಅರ್ಚಕರು ತೋರಿಸಿದ ಜಾಗವೇ ಸರಿ. ಕಂಬದ ಬುಡದಲ್ಲಿ ಹಚ್ಚಿದರೆ ಮಸಿ ಹಿಡಿಯುತ್ತದೆ, ಎಣ್ಣೆ ಕಲ್ಲಿನೊಳಗೆ ಇಳಿದು ಧೂಳನ್ನು ಹಿಡಿದಿಡುತ್ತದೆ. ಆವರಣದ ಶಾಸನಗಳು 13ರಿಂದ 16ನೇ ಶತಮಾನದವು. ಅವಕ್ಕೆ ಅರಿಶಿನ ಕುಂಕುಮ ಬಳಿಯುವುದು ಭಕ್ತಿಯಿಂದಲೇ, ಒಪ್ಪೋಣ. ಆದರೆ ಅಕ್ಷರದ ಗೆರೆ ತುಂಬಿಹೋದರೆ ದತ್ತಿ ಬಿಟ್ಟವನ ಹೆಸರನ್ನು ಓದುವುದು ಹೇಗೆ?

ತೇರು ಭಾರತ ಹುಣ್ಣಿಮೆಗೆ. ಆ ದಿನ ದೇವರಿಗೆಂದು ಹೋಗಿ, ಶಿಲ್ಪಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಸೂಳೆಕೆರೆಯಿಂದ ಬರುವ ಹರಿದ್ರಾ ತುಂಗಭದ್ರೆಯನ್ನು ಸೇರುವುದು ಈ ಊರಲ್ಲೇ. ಮಳೆಗಾಲದಲ್ಲಿ ಸ್ನಾನಕ್ಕೆ ಹೊಳೆಗಿಳಿಯುವುದು ಬೇಡ. ಕೆಂಪು ನೀರಲ್ಲಿ ಆಳ ತಿಳಿಯುವುದಿಲ್ಲ, ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ. ದಡದಲ್ಲೇ ತಂಬಿಗೆಯಿಂದ ತಲೆಗೆ ಪ್ರೋಕ್ಷಿಸಿಕೊಂಡರೂ ತೀರ್ಥಸ್ನಾನವೇ.