ಗಿರಿಗೆ ಬೈಕಲ್ಲಿ ಹೋಗ್ತೀರಾ? ಬೂಸ್ಟರ್ ಬಾಟಲಿ ಕೊಳ್ಳಬೇಡಿ

ಹಾಸನದಿಂದ ಬೆಳಗ್ಗೆ ಐದೂವರೆಗೆ ಹೊರಟೆವು. ನಾನು, ನನ್ನ ತಮ್ಮ, ಒಂದು 125 ಸಿಸಿ ಗಾಡಿ. ದಾರಿಯ ಬಂಕಿನಲ್ಲಿ ಹುಡುಗ ಕೇಳಿದ, "ಮುಳ್ಳಯ್ಯನಗಿರಿಗಾ ಸಾರ್? ಮಾಮೂಲಿ ಪೆಟ್ರೋಲಲ್ಲಿ ಎಳೆಯಲ್ಲ. ಪ್ರೀಮಿಯಂ ಹಾಕಿಸಿ, ಈ ಆಕ್ಟೇನ್ ಬೂಸ್ಟರೂ ಸುರೀರಿ." ಪೆಟ್ರೋಲಿನ ಆಕ್ಟೇನ್ ಹೆಚ್ಚಿಸಲು ಟ್ಯಾಂಕಿಗೆ ಬೆರೆಸುವ ದ್ರವ ಅದು. ಬಾಟಲಿಗೆ 350 ರೂಪಾಯಿ. ತಮ್ಮ ಬೇಡ ಅಂದ. ನಾನು ಕೊಟ್ಟುಬಿಟ್ಟೆ.

ಬೇಲೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬೋರ್ಡೇ ಇಲ್ಲದ ಒಂದು ಚಿಕ್ಕ ಹೋಟೆಲಿದೆ. ನಾಲ್ಕೇ ಬೆಂಚು. ಅಜ್ಜಿಯೊಬ್ಬರು ಕಾವಲಿ ಮೇಲೇ ಅಕ್ಕಿ ರೊಟ್ಟಿ ತಟ್ಟುತ್ತಾರೆ. ಅಂಚು ಗರಿಗರಿ, ನಡು ಮೆತ್ತಗೆ. ಜೊತೆಗೆ ಕಾಯಿ ಚಟ್ನಿ, ಮೇಲೊಂದು ಚೂರು ಬೆಣ್ಣೆ. ನಾನು ಮೂರು ತಿಂದೆ. "ಇನ್ನೊಂದು ಹಾಕ್ಲಾ ಮಗಾ?" ಅಂತ ಕೇಳಿ ಕೇಳಿ ಬಡಿಸಿದರು. ಇಬ್ಬರ ತಿಂಡಿ, ಕಾಫಿ ಸೇರಿ ಆ ಬಾಟಲಿಯ ಅರ್ಧ ದುಡ್ಡೂ ಆಗಲಿಲ್ಲ.

ಕೈಮರ ದಾಟಿ ಏರು ಶುರುವಾಯಿತು. ಗಾಡಿ ತಿಣುಕುತ್ತಲೇ ಹತ್ತಿತು. ವಾಪಸ್ ಬರುವಾಗ ಚಿಕ್ಕಮಗಳೂರಿನ ಮೆಕ್ಯಾನಿಕ್ ಒಬ್ಬರು ಏರ್ ಫಿಲ್ಟರ್ ತೆಗೆದು ತೋರಿಸಿದರು. ಧೂಳು ಕಟ್ಟಿ ಕರಿ ಕಂಬಳಿಯಂತಾಗಿತ್ತು.

ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಲ್ಲ. ಇಂಜಿನ್ ಒಳಗೆ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಹರಡುವ ಮೊದಲೇ, ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಒತ್ತಡಕ್ಕೆ ತಾನಾಗಿ ಹೊತ್ತಿಕೊಂಡರೆ ಟಕಟಕ ಸದ್ದು ಬರುತ್ತದೆ. ಅದೇ ನಾಕಿಂಗ್. ಅದನ್ನು ತಡೆದುಕೊಳ್ಳುವ ಗುಣ ಆಕ್ಟೇನ್. ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್ ಆದ ಎಥೆನಾಲನ್ನೇ ನೋಡಿ. ಅದರ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ, ಆದರೆ ಲೀಟರಿಗೆ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಈಗ ಬಂಕಲ್ಲಿ ಸಿಗುವ ಮಾಮೂಲಿ ಪೆಟ್ರೋಲಲ್ಲೇ ಅದು ಶೇಕಡ 20 ಇದೆ. ನಮ್ಮಂಥ ಸಾದಾ ಗಾಡಿಗೆ 91 ಆಕ್ಟೇನ್ ಧಾರಾಳ ಸಾಕು. 95, 100 ಬೇಕಾಗುವುದು ಕಂಪ್ರೆಷನ್ (ಇಂಜಿನ್ ಒಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಜಾಸ್ತಿ ಇರುವ ದೊಡ್ಡ ಗಾಡಿಗಳಿಗೆ, ಕಂಪನಿ ಪುಸ್ತಕದಲ್ಲಿ ಹಾಗೆ ಬರೆದಿದ್ದರೆ.

ನನಗೆ ಆಶ್ಚರ್ಯವಾಗಿದ್ದು ಇನ್ನೊಂದು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಅಲ್ಲಿ ಗಾಳಿ ತೆಳು. ಇಂಜಿನ್‌ಗೆ ಗಾಳಿ ಸಾಲದೆ ಎಳೆತ ಕಡಿಮೆಯಾಗುತ್ತದೆ, ಆದರೆ ಒಳಗಿನ ಒತ್ತಡ ಇಳಿಯುವುದರಿಂದ ನಾಕಿಂಗೂ ಕಡಿಮೆ. ಅಂದರೆ ಮೇಲೆ ಹೋದಷ್ಟೂ ಬೂಸ್ಟರಿನ ಅಗತ್ಯ ಇನ್ನೂ ಕಮ್ಮಿ, ಅಲ್ವಾ?

ಹೊರಡುವ ಮುಂಚೆ ಫಿಲ್ಟರ್, ಪ್ಲಗ್, ಬ್ರೇಕ್ ನೋಡಿಸಿ. ಪೆಟ್ರೋಲ್ ಊರಲ್ಲೇ ತುಂಬಿಸಿ. ಏರಿನಲ್ಲಿ ಟಾಪ್ ಗೇರಲ್ಲಿ ತಿಣುಕಿಸಬೇಡಿ, ಎರಡಕ್ಕೆ ಇಳಿಸಿ. ಇಳಿಯುವಾಗಲೂ ಅದೇ ಗೇರು. ಭಾನುವಾರ ಮಾತ್ರ ಬೇಡವೇ ಬೇಡ. ಜೀಪು, ಕಾರುಗಳ ಸಾಲಲ್ಲಿ ಕ್ಲಚ್ ಹಿಡಿದು ಹಿಡಿದು ನನ್ನ ಎಡಗೈ ಮರಗಟ್ಟಿತ್ತು.